ಅಪ್ಪ ಆರಿಸಿದ ಸ್ಪೀಕರ್

ಶಿವಮೊಗ್ಗದ ಹೊಸಮನೆ ಬಡಾವಣೆಯ ನಮ್ಮ ಬಾಡಿಗೆ ಮನೆಯಲ್ಲಿ ನಡುಮನೆಗೂ ಅಡುಗೆಮನೆಗೂ ಮಧ್ಯೆ ಒಂದು ಕಿರುಕೋಣೆಯಿತ್ತು. ನಮಗಿಂತ ಮುಂಚೆ ಇದ್ದವರು ಅಲ್ಲಿ ಅಕ್ಕಿಚೀಲ ಮತ್ತು ಗ್ಯಾಸ್ ಸಿಲಿಂಡರ್ ಇಡುತ್ತಿದ್ದರಂತೆ. ನಾನು ಅದನ್ನು ಕಚೇರಿ ಎಂದು ಕರೆಯುತ್ತಿದ್ದೆ. ಬಿಡಿಭಾಗಗಳನ್ನು ತಂದು ಜೋಡಿಸಿದ ಒಂದು ಕಂಪ್ಯೂಟರ್, ಮಡಚುವ ಕಬ್ಬಿಣದ ಕುರ್ಚಿ, ಗೋಡೆಗೆ ಹೊಡೆಸಿದ ಪುಸ್ತಕದ ಹಲಗೆ, ಇಷ್ಟೇ ಅದರ ಸಂಪತ್ತು. ವಿದ್ಯಾನಗರದಲ್ಲಿ ಡಿ.ಟಿ.ಪಿ. ಕೇಂದ್ರ ನಡೆಸುತ್ತಿದ್ದ ಮೇಡಂ ಒಬ್ಬರು ಭಾಷಣಗಳ, ವಿಚಾರಗೋಷ್ಠಿಗಳ ಧ್ವನಿಮುದ್ರಣಗಳನ್ನು ಸಿ.ಡಿ.ಯಲ್ಲಿ ಹಾಕಿ ಕೊಡುತ್ತಿದ್ದರು. ಅವನ್ನು ಕೇಳಿ, ಒಂದು ಮಾತೂ ಬಿಡದೆ ಟೈಪ್ ಮಾಡಿ ಒಪ್ಪಿಸುವುದು ನನ್ನ ಕೆಲಸ. ಸ್ಪಷ್ಟವಾಗಿ ಕೇಳದ ಕಡೆ ಊಹಿಸಿ ಬರೆಯಕೂಡದು, ಚುಕ್ಕಿಗಳನ್ನಿಟ್ಟು ಮುಂದೆ ಹೋಗಬೇಕು ಎಂಬುದು ಅಲ್ಲಿನ ರೂಢಿ.

ನನ್ನ ಪುಟಗಳಲ್ಲಿ ಚುಕ್ಕಿಗಳು ಹೆಚ್ಚುತ್ತಾ ಬಂದವು.

"ಬೇರೆಯವರಿಗೆ ಕೇಳೋದು ನಿಮಗೆ ಯಾಕೆ ಕೇಳಲ್ಲ?" ಎಂದು ಮೇಡಂ ಒಂದು ದಿನ ಹಾಳೆಗಳನ್ನು ಮೇಜಿನ ಮೇಲೆ ಹರಡಿದರು. "ನೋಡಿ, ಪ್ಯಾರಾ ಪ್ಯಾರಾನೇ ರಂಗೋಲಿ ಹಾಕಿದ ಹಾಗಿದೆ. ಮುಂದಿನ ಸಿ.ಡಿ.ನೂ ಹಿಂಗೇ ಬಂದ್ರೆ ನಾನು ಕೊಡೋಕಾಗಲ್ಲ. ಬೇಜಾರು ಮಾಡ್ಕೋಬೇಡಿ."

ಕಂಪ್ಯೂಟರ್ ಜೊತೆಗೆ ಬಂದಿದ್ದ ಪುಟ್ಟ ಸ್ಪೀಕರ್‌ಗಳು ಸರಿಯಿಲ್ಲ ಎಂದು ನಾನು ಉತ್ತರಿಸಿದೆ. ಅದನ್ನು ನಾನು ನಿಜವಾಗಿಯೂ ನಂಬಿದ್ದೆ.

ಆ ಕೆಲಸವನ್ನು ಕಳೆದುಕೊಳ್ಳುವಂತಿರಲಿಲ್ಲ. ನಮ್ಮ ವಂಶದಲ್ಲಿ ಪದವಿಯ ಮುಖ ನೋಡಿದವನು ನಾನೊಬ್ಬನೇ. ಅಪ್ಪ ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ ಕಬ್ಬಿಣ ಬಡಿಯುವ ಶೆಡ್ಡಿನಲ್ಲಿ ದುಡಿದು ನಿವೃತ್ತರಾದವರು. ಬಿ.ಕಾಂ. ಮುಗಿಸಿ ಅಲೆಯುತ್ತಿದ್ದ ನನ್ನನ್ನು ಅವರೇ ಮೇಸ್ತ್ರಿಯ ಕೈಕಾಲು ಹಿಡಿದು ಅದೇ ಶೆಡ್ಡಿಗೆ ಗುತ್ತಿಗೆಯ ಹಾಜರಿ ಗುಮಾಸ್ತನನ್ನಾಗಿ ಸೇರಿಸಿದ್ದರು. ಯಂತ್ರಗಳ ಪಕ್ಕದಲ್ಲೇ ಮೇಜು ಹಾಕಿಕೊಂಡು ನಾನು ಅಲ್ಲಿ ಹಲವು ವರ್ಷ ಕುಳಿತೆ. ಗುತ್ತಿಗೆ ಮುಗಿದ ಮೇಲೆ ಶಿವಮೊಗ್ಗಕ್ಕೆ ಬಂದು, ಶಿಶುವಿಹಾರದಲ್ಲಿ ಪಾಠ ಹೇಳುವ ಹೆಂಡತಿಯ ಸಣ್ಣ ಸಂಬಳದ ಆಸರೆಯಲ್ಲಿ ಈ ಕಚೇರಿಯನ್ನು ತೆರೆದಿದ್ದೆ. ಅಪ್ಪನಾದರೋ ಕಾರ್ಖಾನೆಯ ಕ್ವಾರ್ಟರ್ಸಿನ ಅಂಗಡಿಕಟ್ಟೆಗಳಲ್ಲೆಲ್ಲ ಮಗ ಸ್ವಂತ ಆಫೀಸ್ ಇಟ್ಟಿದ್ದಾನೆಂದು ಹೇಳಿಕೊಂಡು ಬಂದಿದ್ದರು.

ಹಾಗಾಗಿ ಸ್ಪೀಕರ್ ಆರಿಸುವ ವಿಷಯವನ್ನು ನಾನು ಪರೀಕ್ಷೆಗೆ ಓದುವಂತೆ ಓದಿದೆ. ಕಪಾಟಿನ ಹಲಗೆಯ ಮೇಲೆ ಕೂರುವ ಸಣ್ಣ ಪೆಟ್ಟಿಗೆಯಾದರೂ ಸಾಕು, ಅದರಲ್ಲಿ ದಪ್ಪ ದನಿಗೊಂದು, ಚೂಪು ದನಿಗೊಂದು ಬೇರೆ ಬೇರೆ ಸ್ಪೀಕರ್ ಇರಬೇಕು ಎಂದು ವಾಚನಾಲಯದ ಪತ್ರಿಕೆಯೊಂದರಿಂದ ತಿಳಿದುಕೊಂಡೆ. ಅಂಗಡಿಯವನ ಮುಂದೆ ತಪ್ಪಾಗಬಾರದೆಂದು, ಚೂಪು ದನಿಯ ಸ್ಪೀಕರಿಗೆ ಹೇಳುವ ‘ಟ್ವೀಟರ್’ ಎಂಬ ಮಾತನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡೆ. ಆ ಭಾನುವಾರ ಅಪ್ಪನೂ ಬಸ್ಸು ಹತ್ತಿ ಬಂದಿದ್ದರು. "ಸೌಂಡಿನ ವಿಷಯ ನನಗೆ ಬಿಡು. ಜನ್ಮವೆಲ್ಲಾ ಸೌಂಡಲ್ಲೇ ಕಳೆದೋನು ನಾನು" ಎಂದು ಅವರೇ ಮುಂದಾದರು. ಹೆಂಡತಿಯೂ ಜೊತೆಗೆ ಬಂದಳು.

ಅಂಗಡಿಯ ಮಾಲೀಕ ಮಾತುಗಾರ. ಎರಡು ಜೋಡಿಗಳನ್ನು ಅಕ್ಕಪಕ್ಕ ಇಟ್ಟ. ಎರಡೂ ಹೆಚ್ಚುಕಡಿಮೆ ಒಂದೇ ದರದವು. ನಾನು ಒಯ್ದಿದ್ದ ಭಾಷಣದ ಸಿ.ಡಿ. ನೋಡಿ ನಕ್ಕುಬಿಟ್ಟ.

"ಏನ್ ಸಾರ್, ಎಲ್ಲರೂ ಕುಣಿಯೋ ಹಾಡು ತರ್ತಾರೆ, ನೀವು ಭಾಷಣ ತಂದಿದೀರಿ! ನನ್ನ ಅಂಗಡಿ ಖಾಲಿಯಾಗುತ್ತೆ ಮಾರಾಯ್ರೇ."

ಮೊದಲು ಮರದ ಬಣ್ಣದ ಜೋಡಿಯನ್ನು ಹಚ್ಚಿದ. ಭಾಷಣಕಾರರು ಕಂಬಳಿ ಹೊದ್ದುಕೊಂಡು ಮಾತನಾಡುತ್ತಿರುವಂತೆ ನನಗೆ ಕೇಳಿಸಿತು. ಆಮೇಲೆ ಕಪ್ಪು ಜೋಡಿಯನ್ನು ಹಚ್ಚಿ, ಚೂಪು ದನಿಯನ್ನು ಏರಿಸುವ ಅದರ ಟ್ರೆಬಲ್ ತಿರುಪನ್ನು ಕೊನೆಯವರೆಗೂ ತಿರುಗಿಸಿದ. ಮಾತುಗಳು ಒಮ್ಮೆಲೇ ಬಿಡಿಬಿಡಿಯಾಗಿ ಎದ್ದುನಿಂತವು. ನಾನು ಅಪ್ಪನ ಮುಖ ನೋಡಿದೆ. ಅಪ್ಪ ನನ್ನ ಮುಖ ನೋಡಿದರು.

"ಇದೇ ಕಣೋ!" ಎಂದು ಅಪ್ಪ ಗಲ್ಲಾದ ಮೇಜು ತಟ್ಟಿದರು. "ಹೆಂಗೆ ಬಿಡಿಸಿ ಬಿಡಿಸಿ ಹೇಳ್ತದೆ ನೋಡು!"

ಹೆಂಡತಿ ಎರಡೂ ಕಿವಿಗಳಿಗೆ ಸೆರಗು ಒತ್ತಿಕೊಂಡಿದ್ದಳು. "ಅಯ್ಯೋ, ನಿಲ್ಲಿಸ್ರೀ! ಕಿವಿಗೆ ಸೂಜಿ ಚುಚ್ಚಿದ ಹಾಗಾಗ್ತಿದೆ. ಮೊದಲನೇದೇ ಎಷ್ಟು ಚೆನ್ನಾಗಿತ್ತು, ಎದುರಿಗೆ ಕೂತು ಮಾತಾಡಿದ ಹಾಗೆ." ಅಂಗಡಿಯಲ್ಲಿದ್ದ ಬೇರೆ ಗಿರಾಕಿಗಳೂ ಮುಖ ಕಿವುಚಿಕೊಂಡು ನಮ್ಮ ಕಡೆ ತಿರುಗಿದ್ದರು.

ಮಾಲೀಕ ಮಾತ್ರ ಹಿಗ್ಗಿದ. "ಭದ್ರಾವತಿ ಅಲ್ವಾ ಸಾರ್ ನಿಮ್ದು? ನಂಗೆ ಗೊತ್ತಾಯ್ತು. ಶೆಡ್ಡಲ್ಲಿ ಕೆಲಸ ಮಾಡಿದೋರು ಯಾರೇ ಬರ್ಲಿ, ಇದನ್ನೇ ತಗೊಳ್ಳೋದು, ಇಷ್ಟೇ ಟ್ರೆಬಲ್ ಇಟ್ಕೊಳ್ಳೋದು. ಅವರಿಗೋಸ್ಕರಾನೇ ತರಿಸ್ತೀನಿ. ಅಪ್ಪಾಜಿ ಕಿವಿ, ಮಗನ ಕಿವಿ, ಎರಡೂ ಒಂದೇ ಕಂಪನಿ ಮಾಲು!"

ಅಪ್ಪ ಅದನ್ನು ಹೊಗಳಿಕೆಯೆಂದು ತಿಳಿದು ಗಟ್ಟಿಯಾಗಿ ನಕ್ಕರು. ನಾನು ನಗಲಿಲ್ಲ. ಟ್ವೀಟರ್ ಕುರಿತು ಕೇಳಬೇಕೆಂದು ಕಟ್ಟಿಕೊಂಡು ಬಂದಿದ್ದ ಪ್ರಶ್ನೆಗಳಲ್ಲಿ ಒಂದನ್ನೂ ಕೇಳಲಾಗಲಿಲ್ಲ. ಕಪ್ಪು ಜೋಡಿಯನ್ನೇ ಕಟ್ಟಿಸಿಕೊಂಡು ಬಂದೆವು.

ಶೆಡ್ಡಿನ ಸದ್ದಿಗೆ ಕಿವಿ ಮಂದವಾಗಿರುವುದು ಇಷ್ಟು ವರ್ಷ ನನಗೆ ತಿಳಿಯಲಿಲ್ಲವೇ ಎಂದು ಓದುವವರಿಗೆ ಅನ್ನಿಸಬಹುದು. ನಮ್ಮ ಕ್ವಾರ್ಟರ್ಸಿನಲ್ಲಿ ಯಾರನ್ನೂ ಹಿಂದಿನಿಂದ ಕೂಗುವ ಪದ್ಧತಿಯಿರಲಿಲ್ಲ. ಹಾಗೆ ಕೂಗುವುದು ಅಗೌರವ. ಮೊದಲು ಹೆಗಲು ಮುಟ್ಟಬೇಕು, ಎದುರಿಗೆ ಬಂದು ನಿಲ್ಲಬೇಕು, ಆಮೇಲೆ ದನಿಯೆತ್ತಿ ಮಾತನಾಡಬೇಕು. ಕನ್ನಡದವರು, ತಮಿಳರು, ತೆಲುಗರು ಎಲ್ಲರ ಮನೆಯಲ್ಲೂ ಇದೇ ನಡೆ. ಅದನ್ನು ನಾವು ಸಭ್ಯತೆಯೆಂದು ಕಲಿತೆವು, ಮದುವೆಯಾದ ಮೇಲೆ ಹೆಂಡತಿಗೂ ಕಲಿಸಿದೆ. ಆ ಸಭ್ಯತೆಯ ಮರೆಯಲ್ಲಿ ಯಾರ ಕಿವಿ ಎಷ್ಟು ಹೋಗಿದೆಯೆಂಬುದು ಯಾರಿಗೂ, ಸ್ವತಃ ಅವರಿಗೂ, ತಿಳಿಯುತ್ತಿರಲಿಲ್ಲ.

ಹೊಸ ಸ್ಪೀಕರ್‌ಗಳನ್ನು ಹಲಗೆಯ ಮೇಲಿಟ್ಟು ಮೇಡಂ ಕೊಟ್ಟ ಸಿ.ಡಿ. ಹಾಕಿದೆ. ಚುಕ್ಕಿಗಳು ಸ್ವಲ್ಪ ಕಡಿಮೆಯಾದವು, ನಿಲ್ಲಲಿಲ್ಲ. ಒಂದೇ ವಾಕ್ಯವನ್ನು ಹಿಂದಕ್ಕೆ ಸರಿಸಿ ಸರಿಸಿ ಕೇಳುತ್ತಿದ್ದೆ. ಅಡುಗೆಮನೆಯಲ್ಲಿ ಬೇಳೆ ತೊಳೆಯುತ್ತಿದ್ದ ಹೆಂಡತಿ, ಕಿವಿಯಲ್ಲಿ ಹತ್ತಿ ಇಟ್ಟುಕೊಂಡಿದ್ದವಳು, ಬೇಸತ್ತು ಬಾಗಿಲಿಗೆ ಬಂದು ಆ ಇಡೀ ವಾಕ್ಯವನ್ನು ಒಪ್ಪಿಸಿಬಿಟ್ಟಳು. ಮುಂದಿನದನ್ನೂ ಹೇಳಿದಳು. ಆಮೇಲೆ ನನ್ನ ಮುಖ ನೋಡಿ, ಕೈ ಒರೆಸಿಕೊಂಡು ಪಕ್ಕದಲ್ಲಿ ಬಂದು ಕುಳಿತಳು. ಆ ಸಿ.ಡಿ.ಯನ್ನು ಅವಳು ಹೇಳಿದಳು, ನಾನು ಟೈಪ್ ಮಾಡಿದೆ.

ಮೇಡಂ ಹಾಳೆಗಳನ್ನು ತಿರುವಿ ಸಂತೋಷಪಟ್ಟರು. "ನೋಡಿದ್ರಾ, ಸ್ಪೀಕರ್ ಚೆನ್ನಾಗಿದ್ರೆ ಕೆಲಸ ಎಷ್ಟು ಚೆನ್ನಾಗಾಗುತ್ತೆ!" ಎಂದು ಒಂದು ಕಟ್ಟು ಸಿ.ಡಿ.ಗಳನ್ನೇ ಕೈಗಿತ್ತರು.

ಕಟ್ಟನ್ನು ಕಂಡು ಹೆಂಡತಿ ಎದುರಿಗೆ ಬಂದು ನಿಂತಳು. "ದಿನಾ ನನ್ನ ಕೈಲಿ ಆಗಲ್ಲ ರೀ. ಸ್ಕೂಲಲ್ಲಿ ಮಕ್ಕಳ ಹತ್ರ ಕೂಗಿ ಕೂಗಿ ಗಂಟಲು ಹೋಗಿರುತ್ತೆ" ಎಂದಳು. ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಕಟ್ಟನ್ನು ಹಾಗೆಯೇ ಹಿಂದಿರುಗಿಸಿ ಬಂದೆ. ಮೇಡಂ ಕಾರಣ ಕೇಳಿದರು. ಪುರುಸೊತ್ತಿಲ್ಲ ಎಂದೆ.

ಮತ್ತೆ ಭದ್ರಾವತಿಯಿಂದ ಬಂದ ಅಪ್ಪನಿಗೆ ಏನಾದರೂ ಹೇಳಲೇಬೇಕಾಗಿತ್ತು. ನಿಮ್ಮ ಶೆಡ್ಡು ನನ್ನ ಕಿವಿಯನ್ನು ತಿಂದಿತು ಎಂದು ಹೇಳುವುದು ಹೇಗೆ? ಆ ಮೇಜನ್ನು ನನಗೆ ದೊರಕಿಸಿಕೊಟ್ಟವರು ಅವರೇ. "ಸ್ಪೀಕರ್ ಸರಿಹೋಗಲಿಲ್ಲ ಅಪ್ಪಾ, ಅದಕ್ಕೇ ಕೆಲಸ ನಿಂತಿದೆ" ಎಂದುಬಿಟ್ಟೆ.

ಅವರು ಕಪ್ಪು ಪೆಟ್ಟಿಗೆಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟರು. ಅಂಗಡಿಯವನೊಡನೆ ಏನು ಜಗಳವಾಡಿದರೋ, ಮಧ್ಯಾಹ್ನದ ಹೊತ್ತಿಗೆ ಮರದ ಬಣ್ಣದ ಜೋಡಿಯೊಂದಿಗೆ ಬೆವರುತ್ತಾ ಹಿಂದಿರುಗಿದರು. "ನಾನು ಆರಿಸಿದ್ದೇ ತಪ್ಪಾಯ್ತು. ಸೊಸೆ ಹೇಳಿದ್ದೇ ಸರಿ" ಎಂದು ತಾವೇ ಹಲಗೆಯ ಮೇಲಿಟ್ಟು, ತಂತಿ ಸಿಕ್ಕಿಸಿಕೊಟ್ಟರು. ನಾನು ಭಾಷಣವನ್ನು ಹಚ್ಚಿದೆ. ಮತ್ತೆ ಅದೇ ಕಂಬಳಿಯೊಳಗಿನ ಮಾತು. ಒಳಗಿನಿಂದ ಹೆಂಡತಿ ಬಂದು, "ಈಗ ಎಷ್ಟು ಹಿತವಾಗಿದೆ ಮಾವ" ಎಂದಳು.

ಅಪ್ಪ ಕಬ್ಬಿಣದ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಸ್ಪೀಕರಿನ ಜಾಲರಿಯನ್ನೇ ದಿಟ್ಟಿಸುತ್ತಾ ಕುಳಿತರು. ಅವರ ಹಣೆ ಗಂಟಿಕ್ಕಿತ್ತು. ಆಮೇಲೆ ನನ್ನ ಹೆಗಲು ಮುಟ್ಟಿ, "ಹೆಂಗಿದೆ? ಈಗ ಕೇಳ್ತದಾ?" ಎಂದರು.

"ಚೆನ್ನಾಗಿ ಕೇಳುತ್ತೆ ಅಪ್ಪಾ. ನಿಮಗೆ?"

"ನಂಗೂ ಅಷ್ಟೇ, ಚೆನ್ನಾಗಿ ಕೇಳ್ತದೆ" ಎಂದರು ಅಪ್ಪ. ಭಾಷಣ ಮುಗಿಯುವವರೆಗೂ ಇಬ್ಬರೂ ಅಲ್ಲಿಂದ ಏಳಲಿಲ್ಲ.