‘ಬುಡ್ಲಾ’ ಅಂದದ್ದು, ಬಿಡದೆ ಹಿಡಿದದ್ದು

೧೯೯೬ರ ಚಳಿ ಮುಗಿಯುತ್ತಿದ್ದ ಒಂದು ಶನಿವಾರ ಬೆಳಿಗ್ಗೆ, ಗುಂಡ್ಲುಪೇಟೆಯ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ, ಕಿಟಕಿ ಪಕ್ಕದ ಮೇಜಿನ ಎಡಕ್ಕೆ ನಾನು ನಿಂತಿದ್ದೆ. ನನ್ನಿಂದ ಒಂದು ಮೊಳ ದೂರದಲ್ಲಿ ಅಯಸ್ಕಾಂತವೊಂದು ಯಾವ ಆಸರೆಯೂ ಇಲ್ಲದೆ ಗಾಳಿಯಲ್ಲಿ ನಿಂತಿತ್ತು.

ಧಾರವಾಡ ಬಿಟ್ಟು ಇಲ್ಲಿಗೆ ಪಾಠ ಹೇಳಲು ಬಂದು ಕೆಲವು ತಿಂಗಳಾಗಿತ್ತು. ನಮ್ಮಲ್ಲಿ ರೊಟ್ಟಿ ಮುರಿದು ಅಗಿಯುತ್ತೇವೆ. ಇಲ್ಲಿ ಮುದ್ದೆಯನ್ನು ಅಗಿಯದೆ ನುಂಗಬೇಕು. ಅದನ್ನು ಕಲಿತೆ. ಮಾತು ಮಾತ್ರ ಒಗ್ಗಲಿಲ್ಲ. ನಮ್ಮ ‘ಬಿಡು’ ಇಲ್ಲಿ ‘ಬುಡು’. ಅದೂ ಪ್ರತಿ ಮಾತಿನ ಬಾಲದಲ್ಲಿ. ನನ್ನ ಪಾಠ ತಿಳಿಯದೆ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ತರಗತಿ ಬಿಟ್ಟಿದ್ದರು. ಈ ಪ್ರಯೋಗವೂ ಅವರನ್ನು ನಿಲ್ಲಿಸದಿದ್ದರೆ ಕೆಲಸ ಬಿಟ್ಟು ಊರಿಗೆ ಮರಳುವುದೆಂದು ತೀರ್ಮಾನಿಸಿದ್ದೆ.

ಗೆಳೆಯನೊಬ್ಬ, ತೀರಾ ತಣಿದಾಗ ವಿದ್ಯುತ್ತನ್ನು ತಡೆಯಿಲ್ಲದೆ ಹರಿಸುವ ಅತಿವಾಹಕ ಹರಳಿನ ಕರಿಯ ಬಿಲ್ಲೆ ಕೊಟ್ಟಿದ್ದ. ಅದನ್ನು ತಣಿಸಲು ದ್ರವ ಸಾರಜನಕ ಬೇಕು. ಊರಲ್ಲಿ ಅದು ಇದ್ದದ್ದು ದನದ ಆಸ್ಪತ್ರೆಯಲ್ಲಿ, ಹೋರಿಯ ವೀರ್ಯ ಕಾಪಿಡಲು. ಅಲ್ಲಿನ ಅಟೆಂಡರ್ ಮಾದೇವಯ್ಯ ಡಾಕ್ಟರರನ್ನು ಕೇಳಿ ಒಂದು ಫ್ಲಾಸ್ಕ್ ತಂದರು.

“ಇಷ್ಟೇಯ ಸಾ. ಮತ್ತೆ ಕೇಳ್ಬ್ಯಾಡಿ, ಅಸಗಳು ಕಾಯ್ಕಂಡ್ ನಿಂತವೆ.”

ಜೋಡಣೆ ತೋರಿಸಲು ತಟ್ಟೆಯಲ್ಲಿದ್ದ ಬಿಲ್ಲೆಯ ಮೇಲೆ ರಟ್ಟು, ರಟ್ಟಿನ ಮೇಲೆ ಅಯಸ್ಕಾಂತ ಇಟ್ಟಿದ್ದೆ. ಸುರಿಯುವ ಮುಂಚೆ ಅವೆರಡನ್ನೂ ತೆಗೆಯಬೇಕಿತ್ತು.

“ಉಯ್ದ್‌ಬುಡ್ಲಾ ಸಾ?”

ಫ್ಲಾಸ್ಕನ್ನು ಅಲ್ಲೇ ಬಿಟ್ಟುಹೋಗಲೇ ಎಂದು ಕೇಳುತ್ತಿದ್ದಾರೆಂದುಕೊಂಡು, “ಹೂಂ, ಬಿಡ್ರಿ” ಎಂದೆ. ಮಾದೇವಯ್ಯ ಕೇಳಿದ್ದು ಸುರಿದುಬಿಡಲೇ ಎಂದು. ಫ್ಲಾಸ್ಕ್ ಪೂರ್ತಿ ಬರಿದಾಯಿತು.

“ಅಯ್ಯ, ಮೊದಲ ಕಾಂತ ತೆಗೀಬೇಕಿತ್ತಲ್ರೀ!”

“ನೀವೇ ಬುಡಿ ಅಂದ್ರಲ್ಲಾ ಸಾ!”

ಸಾರಜನಕದ ಕುದಿತ ನಿಂತ ಮೇಲೆ ರಟ್ಟನ್ನು ಎಳೆದೆ. ಅಯಸ್ಕಾಂತ ಬೀಳಲಿಲ್ಲ. ಸುತ್ತ ನಿಂತಿದ್ದ ಕೆಲವೇ ವಿದ್ಯಾರ್ಥಿಗಳಲ್ಲಿ ಭೀಮನಬೀಡಿನ ರತ್ನಾ ಅದನ್ನು ಮರದ ಇಕ್ಕುಳದಲ್ಲಿ ಹಿಡಿದೆತ್ತಿದಳು. ಕೆಳಗೆ, ಮುಟ್ಟದೆಯೇ, ಬಿಲ್ಲೆಯೂ ತೂಗುತ್ತ ಬಂತು.

“ನೋಡಮ್ಮಿ, ಬುಡ್ತಾನೇ ಇಲ್ಲ ಕಣಮ್ಮಿ!” ಎಂದು ಗೆಳತಿಗೆ ಕೂಗಿದಳು.

ನನ್ನ ಯೋಜನೆಯಂತೆ ಮೊದಲೇ ತಣಿದಿದ್ದರೆ ಹರಳು ಅಯಸ್ಕಾಂತವನ್ನು ದೂರ ತಳ್ಳುತ್ತಿತ್ತು. ಅದರ ಸನಿಹದಲ್ಲೇ ತಣಿದದ್ದರಿಂದ ಕಾಂತರೇಖೆಗಳು ಹರಳಿನೊಳಗಿನ ಸಣ್ಣ ಊನಗಳಲ್ಲಿ ಸಿಕ್ಕಿಕೊಂಡಿದ್ದವು. ಇನ್ನು ಒತ್ತಿದರೂ ಎಳೆದರೂ ಜಾಗ ಬಿಡುವುದಿಲ್ಲ. ಇದನ್ನು ನನ್ನ ಭಾಷೆಯಲ್ಲಿ ಹೇಳಲು ಹೋಗಿ ನಿಲ್ಲಿಸಿದೆ. “ಇಡ್ಕಂಡ್ರೆ ಬುಡಾಕಿಲ್ಲ,” ಎಂದೆ. ಎಲ್ಲರೂ ನಕ್ಕರು. ಸೋಮವಾರ ಬೆಂಚುಗಳು ತುಂಬಿದ್ದವು.

ನಾನು ಮರಳಲಿಲ್ಲ. ಧಾರವಾಡಕ್ಕೆ ಹೋದಾಗ ಬಾಯಲ್ಲಿ ‘ಬುಡು’ ಬಂದರೆ ಅಕ್ಕ, “ಗುಂಡ್ಲುಪೇಟಿಯಾವ ಬಂದಾ ನೋಡ್ರಿ” ಎನ್ನುತ್ತಾಳೆ. ಇಲ್ಲಿ ನಾನಿನ್ನೂ ‘ಧಾರವಾಡದ ಸಾ’.

ಅಂದು ಅದನ್ನು ಕಣ್ಣಾರೆ ಕಂಡವರಲ್ಲಿ ಮಾದೇವಯ್ಯ ಚಾಮರಾಜನಗರದ ಮಗಳ ಮನೆಯಲ್ಲಿದ್ದಾರೆ, ರತ್ನಾ ಕುದೇರಿನಲ್ಲಿದ್ದಾಳೆ. ಸುರಿಯಲು ಹೇಳಿದ್ದು ನಾನೇ ಎಂದು ಇಬ್ಬರೂ ಇಂದಿಗೂ ಸಾಕ್ಷಿ ನುಡಿಯುತ್ತಾರೆ.