ಹೆಸರಿಲ್ಲದ ಕ್ಯಾಸೆಟ್ಟುಗಳ ಬುಟ್ಟಿ

ಮೊನ್ನೆ ಟ್ರಂಕಿನ ತಳದಲ್ಲಿ ಕವರಿಲ್ಲದ ಕ್ಯಾಸೆಟ್ಟೊಂದು ಸಿಕ್ಕಿತು. ಮೂಸಿದೆ. ಹಳೇ ಪ್ಲಾಸ್ಟಿಕ್ಕು, ಜೊತೆಗೊಂದಿಷ್ಟು ಊದುಬತ್ತಿ... ದಾವಣಗೆರೆಯ ಬಸ್‌ಸ್ಟ್ಯಾಂಡಿನ ಹಿಂದಿದ್ದ ಕ್ಯಾಸೆಟ್ ಅಂಗಡಿಯ ಅಜ್ಜ ಎದುರಿಗೆ ಬಂದು ಕೂತಂತಾಯಿತು.

ಆಗ ನಾನು ವಿದ್ಯಾನಗರದ ಹಾಸ್ಟೆಲಿನಲ್ಲಿದ್ದೆ. ಶನಿವಾರ ಹರಿಹರದ ಮನೆಗೆ ಹೋಗುವ ಮುಂಚೆ ಆ ಅಂಗಡಿಗೊಂದು ಸುತ್ತು ಹಾಕದಿದ್ದರೆ ಸಮಾಧಾನವಿಲ್ಲ. ಗಲ್ಲಾಪೆಟ್ಟಿಗೆಯ ಪಕ್ಕ ಒಂದು ಬಿದಿರುಬುಟ್ಟಿ. ಅದರ ತುಂಬ ಮುಚ್ಚಿಹೋದ ಅಂಗಡಿಗಳಿಂದ ತಂದ ಕವರಿಲ್ಲದ ಕ್ಯಾಸೆಟ್ಟುಗಳು. ಒಳಗೇನಿದೆಯೋ ದೇವರೇ ಬಲ್ಲ. ಹಾಕಿ ಕೇಳಿಸಿ ಎಂದರೆ ಅಜ್ಜ ಒಪ್ಪುತ್ತಿರಲಿಲ್ಲ. ಒಂದೊಂದನ್ನೂ ಬೆಳಕಿಗೆ ಹಿಡಿದು, ಮೇಲಿನ ಅಕ್ಷರ ಅಳಿಸಿಹೋದದ್ದನ್ನೇ ಆರಿಸಿ ಕೊಡುತ್ತಿದ್ದರು.

“ಬಾಳ ಮಂದಿ ಕೈ ಆಡ್ಸ್ಯಾರೆ ತಂಗೆವ್ವ, ಅಂದಮ್ಯಾಲೆ ಒಳಗೆ ಏನೋ ಐತೆ. ತಗೊಂಡ್ಹೋಗು.”

ಎಷ್ಟೋ ಸಲ ಬೇಸ್ತುಬಿದ್ದೆ. ಒಮ್ಮೆ ಇಡೀ ಕ್ಯಾಸೆಟ್ಟಿನಲ್ಲಿ ಯಾರದೋ ಮದುವೆ ಊಟದ ಗದ್ದಲ! ಇನ್ನೊಮ್ಮೆ ಮುದುಕಿಯೊಬ್ಬಳು ಹಾಡಿದ ಬೀಸುವ ಪದ... ಅದನ್ನು ನಾನೂ ಅವ್ವನೂ ತಟ್ಟೆಯಲ್ಲಿನ ರೊಟ್ಟಿ ತಣ್ಣಗಾಗುವವರೆಗೆ ಕೇಳಿದೆವು. ಸೋಮವಾರ ಅಜ್ಜ ನನ್ನ ಮುಖವನ್ನೇ ನೋಡುತ್ತ, “ಹೆಂಗಿತ್ತು? ನಿಧಾನಕ್ಕೆ ಹೇಳು” ಎನ್ನುತ್ತಿದ್ದರು. ಬುಟ್ಟಿಯಲ್ಲಿ ಎಂಥೆಂಥದು ಸಿಗುತ್ತದೆ ಎಂದು ಬೇರೆ ಗಿರಾಕಿಗಳಿಗೆ ನನ್ನ ಮಾತನ್ನೇ, ತಾವೇ ಕೇಳಿದವರ ಹಾಗೆ ಬಣ್ಣಿಸುತ್ತಿದ್ದರು. ನನಗೆ ಒಳಗೊಳಗೇ ನಗು.

ಒಂದು ದಿನ ಅಂಗಡಿಯ ಟೇಪ್‌ರೆಕಾರ್ಡರಿನಲ್ಲಿ ರೀಲು ಸಿಕ್ಕಿಹಾಕಿಕೊಂಡು, ಹಾಡು ಹೋಗಿ ಬರೀ ಗೊರಗೊರ ಸದ್ದು ಬರತೊಡಗಿತು. ಅಜ್ಜ ಮಾತ್ರ ತೊಡೆ ತಟ್ಟುತ್ತ ತಲೆದೂಗುತ್ತಲೇ ಇದ್ದರು. ಅವರಿಗೆ ಕಿವಿ ಕೇಳುವುದಿಲ್ಲ ಎಂದು ಗೊತ್ತಾಗಿದ್ದು ಆಗಲೇ. ಕಿವಿ ಕೇಳದವರ ಹತ್ತಿರ ಹಾಡು ಕೊಳ್ಳಲು ಯಾರು ಬರುತ್ತಾರೆ? ಇಬ್ಬರು ಗಿರಾಕಿಗಳು ಆಗಲೇ ಮೆಟ್ಟಿಲು ಹತ್ತುತ್ತಿದ್ದರು. ನಾನು ಕೈಚಾಚಿ ಟೇಪು ನಿಲ್ಲಿಸಿ, “ಅಜ್ಜಾರೆ, ಇದು ನನಗಿರ್ಲಿ ಕೊಡ್ರಿ” ಎಂದೆ. ಅವರು ಗುಂಡಿಯತ್ತ ನೋಡಿದರು, ನನ್ನತ್ತ ನೋಡಿದರು... ಕ್ಯಾಸೆಟ್ಟು ತೆಗೆದು ನನ್ನ ಕೈಗಿಟ್ಟರು.

ಅಲ್ಲಿಂದ ಮುಂದೆ ನನ್ನ ಸೋಮವಾರದ ವರದಿಯನ್ನು ಇನ್ನಷ್ಟು ನಿಧಾನವಾಗಿ, ತುಟಿ ಬಿಡಿಸಿ ಒಪ್ಪಿಸತೊಡಗಿದೆ. ಅದಕ್ಕಾಗಿಯೇ ವಾರವಿಡೀ ಕಾಯುತ್ತಿದ್ದೆ. ಎಂಥ ಸುಖದ ದಿನಗಳು ಅವು!

ನಿನ್ನೆ ಆ ಕಡೆ ಹೋಗಿದ್ದೆ. ಈಗ ಅಲ್ಲಿ ಮೊಬೈಲ್ ಅಂಗಡಿ. ಗಲ್ಲಾದಲ್ಲಿ ಅಜ್ಜನ ಸೊಸೆ ಕೂತಿದ್ದರು. ಅಜ್ಜ ತೀರಿಕೊಂಡು ಬಹಳ ವರ್ಷಗಳಾದವಂತೆ.

“ನಮ್ಮ ಮಾವಾರಿಗೆ ಕಿವಿ ಕೇಳ್ತಿರ್ಲಿಲ್ರಿ. ಅಂಗಡಿಗೆ ಬರೋರಿಗೆ ಒಬ್ರಿಗೂ ಗೊತ್ತಾಗ್ಲಿಲ್ಲ ಅಂತ ಕಡೀತನಕ ಹಿಗ್ತಿದ್ರು” ಎಂದು ಅವರು ನಕ್ಕರು.

ನಾನೂ ನಕ್ಕೆ.

“ಹೌದೇನ್ರಿ? ನನಗೂ ಗೊತ್ತಾಗಿರ್ಲಿಲ್ಲ ನೋಡ್ರಿ” ಎಂದೆ.