ರೇಷ್ಮೆಯಿಂದ ಕಂಬಕ್ಕೆ

ಮಧ್ಯಾಹ್ನ ಒಂದೂಕಾಲಿಗೆ ಕೊಳ್ಳೇಗಾಲದ ನಮ್ಮ ಮನೆಯ ಮಗ್ಗದ ಸದ್ದು ನಿಲ್ಲುತ್ತದೆ. ಅಪ್ಪ ಕೈಕಾಲು ತೊಳೆಯಲು ಹಿತ್ತಲಿಗೆ ಹೋಗುತ್ತಾರೆ. ಅದೇ ಹೊತ್ತಿಗೆ ಹನೂರಿನಲ್ಲಿ ಚಿಕ್ಕಪ್ಪ ಊಟ ಮುಗಿಸಿ ಕನ್ನಡಕ ಹುಡುಕುತ್ತಿರುತ್ತಾರೆ. ಯಳಂದೂರಿನ ಶಾಲೆಯಲ್ಲಿ ಟೀಚರಾಗಿರುವ ಅಕ್ಕ ಮಕ್ಕಳಿಗೆ ಬಿಸಿಯೂಟ ಬಡಿಸಿ ಮುಗಿಸಿ ಸ್ಟಾಫ್ ರೂಮಿಗೆ ಬಂದಿರುತ್ತಾಳೆ. ಇಬ್ಬರಲ್ಲಿ ಯಾರಾದರೊಬ್ಬರು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಬರೆಯುತ್ತಾರೆ: "ಇವತ್ತಿಂದು ಹಾಕು."

ಇವತ್ತಿಂದು ಎಂದರೆ ಅಂದಿನ ಪದಸರಪಳಿ. ಆನ್‌ಲೈನಿನಲ್ಲಿ ದಿನಕ್ಕೊಂದು ಬರುತ್ತದೆ. ಮೊದಲ ಪದವನ್ನೂ ಕೊನೆಯ ಪದವನ್ನೂ ಅವರೇ ಕೊಟ್ಟಿರುತ್ತಾರೆ, ನಡುವೆ ನಾಲ್ಕು ಖಾಲಿ ಜಾಗ. ಎಷ್ಟು ಅಕ್ಷರದ ಪದ ಎಂಬುದು ಗೊತ್ತಾಗುವಂತೆ ಚೌಕಗಳಿರುತ್ತವೆ. ಪ್ರತಿ ಪದವೂ ಮುಂದಿನದರ ಜೊತೆ ಸೇರಿ ಜನ ಆಡುವ ಒಂದು ಮಾತಾಗಬೇಕು. ಕಾಡು ಎಂದಿದ್ದರೆ ಜೇನು, ಜೇನಿಗೆ ಗೂಡು, ಹಾಗೆ. ನಾಲ್ಕು ತಪ್ಪಾದರೆ ಅಂದಿನ ಆಟ ಮುಗಿಯಿತು. ನಾವು ಬೇರೆ ಬೇರೆ ಆಡುವುದಿಲ್ಲ. ಅವರಿಬ್ಬರೂ ವಾಟ್ಸಾಪಿನಲ್ಲಿ ಪದ ಕಳಿಸುತ್ತಾರೆ, ನಾನು ನನ್ನ ಫೋನಿನಲ್ಲಿ ತುಂಬುತ್ತೇನೆ. ಇತಿಹಾಸದಲ್ಲಿ ಎಂ.ಎ. ಮಾಡಿದವಳು ಎಂಬ ಒಂದೇ ಕಾರಣಕ್ಕೆ ಈ ಅಧಿಕಾರ ನನಗೆ ಬಂತು. ಬಸ್ ಕಂಡಕ್ಟರಾಗಿ ನಿವೃತ್ತರಾದ ಚಿಕ್ಕಪ್ಪ ನನ್ನನ್ನು ಯೂನಿವರ್ಸಿಟಿ ಎಂದೇ ಕರೆಯುತ್ತಾರೆ.

ಗುಂಪಿನಲ್ಲಿ ಇಲ್ಲದ ಒಬ್ಬರು ಅತ್ತಿಗೆ, ಅಣ್ಣನ ಹೆಂಡತಿ. ಅವರದು ಕೀಪ್ಯಾಡ್ ಫೋನು. ಅಪ್ಪನ ಮಗ್ಗದ ಪಕ್ಕದಲ್ಲಿ ಕೂತು, ಲಾಳಿಯಲ್ಲಿಡುವ ಕಂಡಿಕೆಗೆ ನೂಲು ಸುತ್ತುತ್ತಿರುತ್ತಾರೆ. ಮಗ್ಗಕ್ಕೆ ಉದ್ದಕ್ಕೆ ಹೂಡಿದ ಒಂದು ಹಾಸು ನೂಲು ಮುಗಿದಾಗ ಹಳೆಯ ಹಾಸಿನ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಎಳೆಯನ್ನು ಹೊಸೆದು ಕೂಡಿಸುತ್ತಾರೆ. ಸಾವಿರಾರು ಎಳೆ. ಬೂದಿ ಮುಟ್ಟಿ, ಎರಡು ಬೆರಳಲ್ಲಿ ತಿರುಚಿ, ಮುಂದಿನದಕ್ಕೆ ಹೋಗುತ್ತಾರೆ. ಕೈಗೂ ಕಣ್ಣಿಗೂ ಬಿಡುವಿಲ್ಲ, ಬಾಯಿ ಮಾತ್ರ ಖಾಲಿ. ನಾನು ಪದ ಓದುತ್ತಿದ್ದೆ, ಅವರು ತಲೆಯೆತ್ತದೆ ಉತ್ತರ ಹೇಳುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ತಿಂಗಳುಗಟ್ಟಲೆ ಹೀಗೇ ನಡೆಯಿತು.

ಅತ್ತಿಗೆ ಹತ್ತನೇ ತರಗತಿಯಲ್ಲಿ ಗಣಿತ, ಇಂಗ್ಲಿಷ್ ಎರಡರಲ್ಲೂ ಫೇಲಾಗಿದ್ದರು. ಅವರ ತವರು ಹನೂರಿನ ಕಡೆ, ಓದಿದ್ದು ಹನೂರಿನಲ್ಲಿ. ಮತ್ತೆ ಪರೀಕ್ಷೆ ಕಟ್ಟಬೇಕು, ಪಾಸಾದರೆ ಅಂಗನವಾಡಿಗೋ ಮತ್ತೆಲ್ಲಿಗೋ ಅರ್ಜಿ ಹಾಕಬಹುದು ಎಂಬುದು ಅವರ ಹಳೆಯ ಆಸೆ. ವಿಚಾರಿಸಿ ಇಟ್ಟಿದ್ದರು ಕೂಡ. ಹಳೆಯ ಅಂಕಪಟ್ಟಿ, ಫೋಟೊ ತೆಗೆದುಕೊಂಡು ತಾವು ಓದಿದ ಶಾಲೆಗೆ ಶನಿವಾರದೊಳಗೆ ಹೋಗಬೇಕು. ಬುಧವಾರವಾದರೂ ಅವರು ಆ ಮಾತೇ ಎತ್ತಲಿಲ್ಲ.

"ಯಾಕೆ ಅತ್ತಿಗೆ, ಹೋಗಲ್ವಾ?" ಎಂದೆ.

"ನನ್ ತಲೇಲಿ ಏನೂ ನಿಲ್ಲಲ್ಲ ಕಣಮ್ಮಿ. ಮತ್ತೆ ಓಗಿ ಅದೇ ಸ್ಕೂಲ್ ಮುಂದೆ ನಿಂತ್ಕಂಡು ಫೇಲಾಗೋದಾ?"

"ದಿನಾ ಪದ ಬಿಡಿಸೋರು ಯಾರು? ಗುಂಪಿನಲ್ಲಿ ಎಲ್ಲರೂ ನಿಮ್ಮನ್ನೇ ಹೊಗಳ್ತಾರೆ."

ಅತ್ತಿಗೆ ಕೈ ನಿಲ್ಲಿಸಿದರು. "ನನ್ನನ್ನಾ? ಎಲ್ಲಿ, ತೋರ್ಸು."

ತೋರಿಸಲು ಹೊರಟೆ. ಅತ್ತಿಗೆಯ ಹೆಸರು ಹಾಕಿಯೇ ಪದ ಕಳಿಸಿದ್ದೇನೆ ಎಂದು ನನಗೆ ಖಚಿತವಾಗಿತ್ತು. 'ಅತ್ತಿಗೆ ಹೇಳಿದ್ದು' ಎಂದು ಟೈಪ್ ಮಾಡಿದ ನೆನಪು ಬೆರಳಿನಲ್ಲೇ ಇತ್ತು. ಮೇಲೆ ಮೇಲೆ ಸರಿಸುತ್ತ ಹೋದೆ. ಚಿಕ್ಕಪ್ಪ ಬರೆದಿದ್ದರು, "ಯೂನಿವರ್ಸಿಟಿ ಅಂದ್ರೆ ಸುಮ್ನೇನಾ!" ಅದಕ್ಕೆ ನಾನು ಕೈಮುಗಿಯುವ ಚಿತ್ರ ಹಾಕಿದ್ದೆ. ಅಕ್ಕ ಕೇಳಿದ್ದಳು, "ನಾಲ್ಕೂ ನೀನೇ ಹಿಡಿದ್ಯಾ?" ನಾನು ಬರೆದಿದ್ದೆ, "ಹೂಂ, ಇವತ್ತು ಸುಲಭ ಇತ್ತು." ಅತ್ತಿಗೆ ಎಂಬ ಪದ ಅಷ್ಟೂ ತಿಂಗಳಲ್ಲಿ ಒಂದೇ ಒಂದು ಕಡೆ ಸಿಕ್ಕಿತು: "ಅತ್ತಿಗೆ ಊಟಕ್ಕೆ ಕರೀತಿದ್ದಾರೆ, ಐದು ನಿಮಿಷ."

ಅತ್ತಿಗೆ ಬೂದಿಯ ಬೆರಳನ್ನು ಸೆರಗಿಗೆ ಒರೆಸಿಕೊಂಡು ನನ್ನ ಕೈಯಿಂದ ಫೋನು ತೆಗೆದುಕೊಂಡರು. ನಿಧಾನವಾಗಿ ಓದಿದರು. ಬೈದಿದ್ದರೆ ಚೆನ್ನಾಗಿತ್ತು.

"ನಾನೇ ಏಳಿದ್ದು ಅನ್ಕಂಡಿದ್ದೆ," ಎಂದರು. "ಎಲ್ಲ ನೀನೇ ಏಳಿರ್ಬೋದು. ನಂಗೂ ಈಗ ಗ್ಯಾಪ್ಕ ಇಲ್ಲ."

ಆಧಾರವಿಲ್ಲದೆ ಮಾತಾಡಬಾರದು ಎಂದು ಐದು ವರ್ಷ ಓದಿದವಳು ನಾನು. ಒಳಗೆ ಹೋಗಿ ನನ್ನ ದಿನಚರಿ ತೆಗೆದು ನೋಡಿದೆ. ಅಲ್ಲೂ ಅದೇ ಕಥೆ: 'ಇವತ್ತು ಮೂರು ಪದ ಹೊಳೆಯಿತು.' ಯಾರಿಗೆ ಹೊಳೆಯಿತು ಎಂದು ಬರೆದಿಲ್ಲ. ಆ ವರ್ಷ ಕಾಲೇಜಿನ ಅತಿಥಿ ಉಪನ್ಯಾಸಕರ ಪಟ್ಟಿ ಬಂದಿರಲಿಲ್ಲ, ನಾನು ಕೆಲಸವಿಲ್ಲದೆ ಮನೆಯಲ್ಲಿದ್ದೆ. ದಿನಕ್ಕೊಮ್ಮೆ ಯಾರಾದರೂ ಯೂನಿವರ್ಸಿಟಿ ಎಂದು ಕರೆಯುವುದು ನನಗೆ ಬೇಕಾಗಿತ್ತೇನೋ. ಇದು ಕಾರಣವೋ, ಈಗ ಹುಡುಕಿಕೊಂಡ ನೆಪವೋ ನನಗೆ ತಿಳಿಯದು. ಹೆಸರು ಹಾಕಿದ ಆ ಸ್ಪಷ್ಟ ನೆನಪು ಎಲ್ಲಿಂದ ಬಂತು ಎಂಬುದಂತೂ ಇನ್ನೂ ತಿಳಿದಿಲ್ಲ.

ಮುಂದೆ ನಡೆದದ್ದು ಮರುದಿನವೇ ಎಂದು ನಾನು ನೆನಪಿಟ್ಟುಕೊಂಡಿದ್ದೆ. ಅತ್ತಿಗೆ ಶುಕ್ರವಾರ ಎನ್ನುತ್ತಾರೆ. ಗುಂಪಿನಲ್ಲಿ ನೋಡಿದರೆ ಅವರದೇ ಸರಿ. ಅಂತೂ ಹೊಸ ಹಾಸು ಬಂದಿತ್ತು, ಅತ್ತಿಗೆ ಬೆಳಿಗ್ಗೆಯಿಂದ ಎಳೆ ಕೂಡಿಸುತ್ತಿದ್ದರು. ಒಂದೂಕಾಲಿಗೆ ಆಟ ತೆರೆದೆ. ಮೊದಲ ಪದ ರೇಷ್ಮೆ, ಕೊನೆಯದು ಕಂಬ. ಅತ್ತಿಗೆ ಪಕ್ಕದಲ್ಲೇ ಇದ್ದರೂ ಅವರನ್ನು ಕೇಳದೆ ಅವಸರ ಮಾಡಿದೆ. ರೇಷ್ಮೆಯ ಮುಂದೆ ಎರಡಕ್ಷರ ಎಂದಾಗ ಕೊಳ್ಳೇಗಾಲದವರು ಕಾಯುತ್ತಾರೆಯೇ?

ಚಿಕ್ಕಪ್ಪನ ದನಿ ಮೊದಲು ಬಂತು: "ಗೂಡು ಕಣಮ್ಮಿ! ಕಣ್ಮುಚ್ಕಂಡು ಆಕು."

ಹಾಕಿದೆ. ತಪ್ಪು. ಅಕ್ಕ ನೂಲು ಎಂದಳು. ತಪ್ಪು. ಸೀರೆಯಲ್ಲದೆ ಇನ್ನೇನು ಎಂದು ನಾನೇ ಸೀರೆ ಹಾಕಿದೆ. ಅದೂ ತಪ್ಪು. ಬೇರೆ ಊರಿನವರಿಗೆ ಒಂದೋ ಎರಡೋ ಪದ ಹೊಳೆಯುವ ಕಡೆ ನಮಗೆ ಹತ್ತು ಹೊಳೆಯುತ್ತವೆ. ನೇಯುವ ಮನೆಯವರಾಗಿ ರೇಷ್ಮೆಯಲ್ಲೇ ಮೂರು ತಪ್ಪು ಮಾಡಿ ಕೂತಿದ್ದೆವು. ಅಪ್ಪ ಒದ್ದೆ ಕೈಯಲ್ಲೇ ಬಂದು ಇಣುಕಿದರು.

"ಎಳೆ ಅಂತ ಆಕುದ್ರಾ?"

"ಸುಮ್ಕಿರಿ ಮಾವ, ಇನ್ನೊಂದ್ ತಪ್ಪಾದ್ರೆ ಮುಗೀತು," ಎಂದರು ಅತ್ತಿಗೆ. ಬುಧವಾರದ ನಂತರ ಆಟದ ಬಗ್ಗೆ ಅವರು ಬಾಯಿಬಿಟ್ಟದ್ದು ಅದೇ ಮೊದಲು. "ಆ ಕಡೆ ಬುಡು. ಈ ಕಡೆ ತುದಿ ಏನೈತೆ?"

"ಕಂಬ. ಅದರ ಹಿಂದೆ ಎರಡಕ್ಷರ."

ಎಳೆಗಳು ಒಂದು ಅಂಚಿನಲ್ಲಿ ಸಿಕ್ಕಾದರೆ ಅತ್ತಿಗೆ ಅದನ್ನು ಎಳೆದಾಡುವುದಿಲ್ಲ, ಇನ್ನೊಂದು ಅಂಚಿಗೆ ಹೋಗಿ ಅಲ್ಲಿಂದ ಬರುತ್ತಾರೆ. ನಾನು ಗುಂಪಿನಲ್ಲಿ ಧ್ವನಿ ಕಳಿಸುವ ಗುಂಡಿ ಒತ್ತಿ ಫೋನನ್ನು ಅವರ ಬಾಯಿಯ ಹತ್ತಿರ ಹಿಡಿದೆ.

"ಅತ್ತ ಇಡು! ನನ್ ಗಂಟ್ಲು ಕೇಳಿ ನಗ್ತಾರೆ."

ನೂಕಲು ಕೈ ಬಿಡುವ ಹಾಗಿರಲಿಲ್ಲ, ಎರಡೂ ಕೈ ಎಳೆಯಲ್ಲಿದ್ದವು. ನಾನು ಫೋನು ತೆಗೆಯಲಿಲ್ಲ.

"ದೀಪ," ಎಂದರು. ದನಿ ಕಳಿಸಿ ಆಟದಲ್ಲಿ ಹಾಕಿದೆ, ಸರಿಯಾಯಿತು. ಮತ್ತೆ ಗುಂಡಿ ಒತ್ತಿ ಹಿಡಿದೆ, ಪ್ರತಿ ಪದಕ್ಕೂ ಹಾಗೇ. "ಕಂಬದ್ ಮೇಲೆ ದೀಪ ಇರೋದು ಬೀದಿಲಿ. ಬೀದಿ ಆಕು." ಅದೂ ಸರಿ. "ಬೀದಿ ಇಂದೆ ಎಷ್ಟಕ್ಷರ?"

"ಮೂರು."

"ಅಂಗಡಿ. ಅಂಗಡಿ ಬೀದಿ."

ಈಗ ಉಳಿದದ್ದು ರೇಷ್ಮೆಗೂ ಅಂಗಡಿಗೂ ನಡುವಿನ ಒಂದೇ ಪದ. ಸೀರೆ ಅಂಗಡಿ ಎಂದು ಮನಸ್ಸು ಮತ್ತೆ ಮತ್ತೆ ಹೇಳುತ್ತಿತ್ತು, ಆದರೆ ಅದು ಆಗಲೇ ತಪ್ಪಾಗಿತ್ತು. ಅತ್ತಿಗೆ ನಾಲ್ಕೈದು ಎಳೆ ಹೊಸೆದರು. ಆಮೇಲೆ ಹೇಳಿದರು:

"ಬಟ್ಟೆ."

ಅಪ್ಪ ನಕ್ಕುಬಿಟ್ಟರು. "ರೇಷ್ಮೆ ಬಟ್ಟೆ ಅಂತ ಯಾರವ್ವ ಅಂತಾರೆ? ಬಟ್ಟೆ ಅಂದ್ರೆ ಒಗಿಯೋದು."

"ನಾವು ಅನ್ನಲ್ಲ ಮಾವ. ತಕಳಕ್ಕೆ ಬರೋರು ಅಂತಾರೆ."

ನಿಜ ಹೇಳಬೇಕು, ನನ್ನ ಬೆರಳು ಪಂಚೆ ಎಂದು ಹಾಕಲು ಹೊರಟಿತ್ತು. ತಡೆದು ಬಟ್ಟೆ ಎಂದು ಹಾಕಿದೆ. ಆರೂ ಪದ ಹಸಿರಾದವು.

ಅಪ್ಪನ ವಾದವೂ ಸೇರಿ ಎಲ್ಲ ಗುಂಪಿಗೆ ಹೋಗಿತ್ತು. ಚಿಕ್ಕಪ್ಪನ ದನಿ ಬಂತು: "ಏನವ್ವ, ಇಷ್ಟ್ ದಿನ ಎಲ್ಲಿದ್ದೆ ನೀನು?"

ನಾನು ಬರೆದೆ: 'ಇಷ್ಟು ದಿನವೂ ಇದ್ದರು. ಪದ ಅತ್ತಿಗೆಯದು, ಟೈಪಿಂಗ್ ನನ್ನದು. ನಾನು ಹೆಸರು ಹಾಕಿರಲಿಲ್ಲ.' ಬರೆದ ಮೇಲೆ ಶನಿವಾರದ ವಿಷಯವನ್ನೂ ಬರೆದೆ. ಅತ್ತಿಗೆಯನ್ನು ಕೇಳಿ ಬರೆಯಬೇಕಿತ್ತು, ಕೇಳಲಿಲ್ಲ.

"ಅಂದ್ರೆ ಯೂನಿವರ್ಸಿಟಿ ಬರೀ ಟಿಕೆಟ್ ಅರೀತಿತ್ತು ಅನ್ನು," ಎಂದರು ಚಿಕ್ಕಪ್ಪ. "ಅದು ನನ್ ಕೆಲ್ಸ ಅಲ್ವಾ? ಏಯ್ ಅವ್ವ, ನಾಳೆ ಮೊದ್ಲ್ ಬಸ್ ಅತ್ತಿ ಬಾ. ಬಸ್‌ಸ್ಟ್ಯಾಂಡಲ್ಲಿ ನಿಂತಿರ್ತೀನಿ."

ಅಕ್ಕ ಬರೆದಳು: "ಅತ್ತಿಗೆ, ಲೆಕ್ಕ ನಾನು ಹೇಳ್ಕೊಡ್ತೀನಿ. ದಿನಾ ಅರ್ಧ ಗಂಟೆ, ಇವಳ ಫೋನಿಗೇ ವಿಡಿಯೋ ಕಾಲ್ ಮಾಡಿ. ತಪ್ಪಿಸ್ಕೊಂಡ್ರೆ ಮನೆಗೇ ಬರ್ತೀನಿ."

ಪದ ಹೊಳೆದರೆ ಗಣಿತ ಬರುತ್ತದೆಯೇ? ಗೊತ್ತಿಲ್ಲ. ಒಂದು ಆಟದ ಮೇಲೆ ಇಷ್ಟನ್ನೆಲ್ಲ ಹೊರಿಸುವುದು ಸರಿಯಲ್ಲವೆಂದು ನನಗೇ ಅನಿಸುತ್ತದೆ. ಅತ್ತಿಗೆ ಆ ಹೊತ್ತು ಮಾಡಿದ್ದು ಇಷ್ಟೇ: ಕೈ ತೊಳೆದು ಬಂದು, ತಾವು ಮಾತಾಡಿದ್ದನ್ನು ಫೋನಿನಲ್ಲಿ ಕೇಳಿಸು ಎಂದರು. ಎರಡು ಸಲ ಕೇಳಿದರು. "ನಾನೇ ಏಳಿದ್ದು," ಎಂದರು. ಸಂಜೆ ಟ್ರಂಕಿನಿಂದ ಅಂಕಪಟ್ಟಿ ತೆಗೆದರು.

ಆದರೆ ಹಾಸು ಕೂಡಿಸುವುದು ಅರ್ಧಕ್ಕೆ ನಿಂತಿತ್ತು. ಅದು ಮುಗಿಯದೆ ಅಪ್ಪನ ಮಗ್ಗ ಓಡುವುದಿಲ್ಲ. "ನಾನು ಕೂರ್ತೀನಿ," ಎಂದೆ.

"ನೀನಾ?" ಅಪ್ಪ ಹಣೆ ಚಚ್ಚಿಕೊಂಡರು. "ಓದ್ದೋಳ್ ಕೈಗೆ ಎಳೆ ಕೊಟ್ರೆ ಮುಗೀತು ನನ್ ಕಥೆ."

ಶನಿವಾರ ಅತ್ತಿಗೆ ಮೊದಲ ಬಸ್ಸಿಗೆ ಹನೂರಿಗೆ ಹೋದರು. ನಾನು ಅವರ ಜಾಗದಲ್ಲಿ ಕೂತೆ. ಬೂದಿ ಹೆಚ್ಚಾದರೆ ಎಳೆ ಜಾರುತ್ತಿತ್ತು, ಕಡಿಮೆಯಾದರೆ ಬೆರಳಿಗೆ ಅಂಟುತ್ತಿತ್ತು. ಚಿಕ್ಕಪ್ಪ ಮಧ್ಯೆ ಒಮ್ಮೆ ದನಿ ಕಳಿಸಿದರು: "ಸ್ಕೂಲ್ ಗೇಟ್ ತಂಕ ನಾನು ಬಂದೆ. ಒಳಕ್ ಒಬ್ಳೇ ಓಯ್ತೀನಿ ಅಂದ್ಲು, ಓದ್ಲು." ಒಂದೂಕಾಲಿಗೆ ಯಾರೂ ಇವತ್ತಿಂದು ಹಾಕು ಎನ್ನಲಿಲ್ಲ.

ಎರಡೂವರೆಗೆ ಅತ್ತಿಗೆ ಬಂದರು. ಶಾಲೆಯವರು ಕೊಟ್ಟ ರಸೀದಿಯನ್ನು ದೇವರ ಮುಂದೆ ಇಡದೆ ನೇರವಾಗಿ ನನ್ನ ಕೈಗೆ ಕೊಟ್ಟು, ನಾನು ಕೂಡಿಸಿದ ಎಳೆಗಳ ಮೇಲೆ ಬೆರಳಾಡಿಸಿದರು. ಮೂರರಲ್ಲಿ ಒಂದು ಬಿಚ್ಚಿಕೊಂಡಿತು.

"ಏಳು, ಜಾಗ ಬುಡು," ಎಂದು ನನ್ನನ್ನು ಎಬ್ಬಿಸಿ ಕೂತರು. ಬಿಚ್ಚಿಕೊಂಡದ್ದನ್ನು ಒಂದೊಂದಾಗಿ ಮತ್ತೆ ಹೊಸೆಯತೊಡಗಿದರು. ನಾನು ಫೋನು ತೆಗೆದು, ಪದ ಕಳಿಸುವ ಜಾಗದಲ್ಲಿ ಮೊದಲೇ 'ಅತ್ತಿಗೆ' ಎಂದು ಟೈಪ್ ಮಾಡಿಟ್ಟುಕೊಂಡು, ಅಂದಿನ ಸರಪಳಿ ಓದಲು ಬಾಯಿ ತೆರೆದೆ.

"ಕೊನೇದ್ ಮೊದ್ಲು ಓದು," ಎಂದರು.